ಹದಿನಾರನೆಯ ಚೌಕ

ಸೀರೆ ಉಟ್ಟು ಗಂಬೂಟು ಹಾಕುವ ಲೆಕ್ಚರರನ್ನು ನಾನು ನೋಡಿದ್ದು ಅವರೊಬ್ಬರನ್ನೇ. ರಿಪ್ಪನ್‌ಪೇಟೆಯಿಂದ ಬೆಳಗಿನ ಬಸ್ಸಿಗೆ ಬರುವಾಗ ಕಾಲಲ್ಲಿ ಎಲ್ಲರಂತೆ ಚಪ್ಪಲಿ. ಗಂಬೂಟು ಬಟ್ಟೆಯ ಚೀಲದಲ್ಲಿ. ಕಾಡಿಗೆ ಹೋಗುವ ದಿನ ನೆರಿಗೆಯನ್ನು ಒಂದು ಗೇಣು ಮೇಲೆತ್ತಿ, ಸಾಲಾಗಿ ನಾಲ್ಕು ಪಿನ್ನು ಚುಚ್ಚಿ, ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತು ಗಂಬೂಟು ಏರಿಸುತ್ತಿದ್ದರು. ಹಾಕುವ ಮೊದಲು ಎರಡನ್ನೂ ತಲೆಕೆಳಗು ಮಾಡಿ ಕುಟ್ಟುವುದು ಅಭ್ಯಾಸ. ಒಮ್ಮೆ ಎಡಗಾಲಿನದರಿಂದ ಒಂದು ಕಪ್ಪೆಮರಿ ಬಿತ್ತು. "ನೋಡ್ರೇ, ರಿಪ್ಪನ್‌ಪೇಟೆಯಿಂದ ಟಿಕೆಟ್ ಇಲ್ದೆ ಬಂದಿದಾನೆ ಇವನು" ಎಂದು ಅದನ್ನು ಅಂಗೈಯಲ್ಲಿ ಎತ್ತಿ ನಲ್ಲಿಯ ಕೆಳಗಿನ ಒದ್ದೆ ಕಲ್ಲಿನ ಬಳಿ ಬಿಟ್ಟುಬಂದರು. ನಾವು ನಕ್ಕು ಮುಗಿಸುವಷ್ಟರಲ್ಲಿ ಅವರು ಹಾಜರಿ ಪುಸ್ತಕ ತೆರೆದಾಗಿತ್ತು.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಮಗೆ ಪರಿಸರ ವಿಜ್ಞಾನ ಕಲಿಸಿದವರು ಅವರು. ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ನೇಮಕವಾಗಿ, ಹಳೆಯ ಕುರ್ಚಿಯಲ್ಲೇ ಬಂದು ಕೂರಬೇಕಾದ ಕೆಲಸ. ಮದುವೆಯಾಗಿರಲಿಲ್ಲ. ತಾಯಿಯ ಜೊತೆ ಇದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಜೊತೆ ಊರಿನವರು ಒಂದು ತಪ್ಪನ್ನು ಸೇರಿಸಿಯೇ ಹೇಳುತ್ತಾರೆ. ಆ ತಪ್ಪು ಅವರೊಬ್ಬರದಲ್ಲ ಎಂದು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿರುವುದು. ಕಳೆದ ತಿಂಗಳು ಅವರು ತೀರಿಕೊಂಡರು.

ಅವರ ತರಗತಿಯಲ್ಲಿ ಯಾವ ಪ್ರಶ್ನೆಗೂ ನೇರ ಉತ್ತರ ಸಿಗುತ್ತಿರಲಿಲ್ಲ. "ಮೇಡಂ, ನಮ್ಮನೆ ಹಿತ್ತಲಲ್ಲಿ ಈಗ ಗುಬ್ಬಿ ಇಲ್ಲ" ಎಂದು ಯಾರಾದರೂ ಹೇಳಿದರೆ, "ಎಲ್ಲಿ ನಿಂತು ನೋಡಿದೆ? ಯಾವಾಗ? ಎಷ್ಟೊತ್ತು ನೋಡಿದೆ?" ಎಂದು ಮೂರು ಪ್ರಶ್ನೆ ವಾಪಸು ಬರುತ್ತಿತ್ತು. ಹಾಗಾಗಿ ಹಿಂದಿನ ಬೆಂಚಿನವರು ಇಟ್ಟ ಹೆಸರು 'ಎಷ್ಟೊತ್ತು ಮೇಡಂ'. ಅವರಿಗೂ ಅದು ಗೊತ್ತಿತ್ತು. ಒಂದು ದಿನ ತಡವಾಗಿ ಬಂದ ಹುಡುಗಿಗೆ, "ಬಾ ಮಾರಾಯ್ತಿ, ಎಷ್ಟೊತ್ತು ಅಂತ ನಾನೇ ಕೇಳ್ಬೇಕಲ್ಲ, ಹೆಸರು ಇಟ್ಟಿದೀರಿ" ಎಂದಾಗ ಇಡೀ ಕ್ಲಾಸು ತಲೆ ತಗ್ಗಿಸಿತು.

ನೆಲದಿಂದ ಎಲೆಯೊಂದನ್ನು ಎತ್ತಿದರೆ, ಕೆಳಗೇನಿದೆ ಎಂದು ನೋಡಿ, ಅದೇ ಮಗ್ಗುಲಿಗೆ ಅದೇ ಜಾಗದಲ್ಲಿ ಮತ್ತೆ ಇಡುತ್ತಿದ್ದರು. ಮನೆಯವರು ಹೊರಗೆ ಹೋದಾಗ ಅವರ ಕಪಾಟು ತೆರೆದವರು ಎಲ್ಲವನ್ನೂ ಇದ್ದ ಹಾಗೇ ಇಡುತ್ತಾರಲ್ಲ, ಹಾಗೆ. ಮಾತಾಡುವಾಗ ಕೈ ಆಡಿಸುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಡಸ್ಟರಿನಿಂದ ಒರೆಸುವ ಮೊದಲು ಒಂದು ಸಲ ಪೂರ್ತಿ ಓದುತ್ತಿದ್ದರು, ತಾವೇ ಬರೆದದ್ದಾದರೂ.

ನಾನು ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕಲಿತದ್ದರಲ್ಲಿ ಕಾಲೇಜಿಗೆ ಬಂದಮೇಲೂ ಉಳಿದದ್ದು ಅಕ್ಷರ ಒಂದೇ. ದುಂಡಗೆ, ಗೆರೆ ಬಿಡದೆ, ಒಂದಕ್ಕೊಂದು ತಾಗದೆ ಬರೆಯುತ್ತಿದ್ದೆ. ಮೇಡಂಗೆ ಅದು ಇಷ್ಟ. "ಇವಳ ಪಟ್ಟಿ ನೋಡಿದ್ರೆ ಅನುಮಾನವೇ ಬರಲ್ಲ ಕಣ್ರೇ" ಎಂದು ನನ್ನ ರೆಕಾರ್ಡನ್ನು ಎಲ್ಲರಿಗೂ ತೋರಿಸಿದ್ದರು.

ಆ ವರ್ಷದ ಪ್ರಾಜೆಕ್ಟಿಗೆ ಅವರು ಆರಿಸಿದ್ದು ಅರಳಸುರಳಿ ಕಡೆಯ ಒಂದು ಊರಿನ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ಒಣಗಿದ ಎಲೆ ತರಲು ಊರಿನವರು ಬಳಸುವ ಕಾಡಿನ ತುಂಡು ಅದು. ನೆಲಕ್ಕೆ ಬಿದ್ದ ಎಲೆಗೆ ಅಲ್ಲಿ ದರಗು ಎನ್ನುತ್ತಾರೆ. ಆ ದರಗಿನೊಳಗೆ ಯಾವ ಯಾವ ಜೀವ ಎಷ್ಟೆಷ್ಟಿದೆ ಎಂದು ಎಣಿಸುವುದು ನಮ್ಮ ಕೆಲಸ. ಬೆಟ್ಟದ ಬುಡದಿಂದ ತುದಿಯವರೆಗೆ ಹದಿನಾರು ಜಾಗ. ಪ್ರತಿ ಜಾಗದಲ್ಲೂ ನಾಲ್ಕು ಗೂಟ ಹೊಡೆದು, ದಾರ ಕಟ್ಟಿ, ಒಂದು ಮೀಟರಿನ ಚೌಕ ಮಾಡಬೇಕು. ಒಳಗಿನ ದರಗನ್ನೆಲ್ಲ ಬುಟ್ಟಿಗೆ ತುಂಬಿ, ಬಿಳಿ ಬಟ್ಟೆಯ ಮೇಲೆ ಜಾಡಿಸಿ, ಉದುರಿದ್ದನ್ನು ಎಣಿಸಬೇಕು. ಇರುವೆ, ಜೇಡ, ಸಾವಿರ ಕಾಲಿನ ಚೋರಟೆ, ರಕ್ತ ಹೀರುವ ಉಣುಗು ಎಂದು ಪಟ್ಟಿಯಲ್ಲಿ ಒಂದೊಂದಕ್ಕೂ ಮನೆಗಳಿದ್ದವು. ಬಿಳಿ ಬಟ್ಟೆ ಅವರದೇ ಹಳೆಯ ಸೀರೆಯದು. ಎಂಟು ತುಂಡು ಮಾಡಿ, ಅಂಚು ಹೊಲಿದು, ಪ್ರತಿ ಜೋಡಿಗೆ ಒಂದರಂತೆ ಕೊಟ್ಟಿದ್ದರು.

ಹೊರಡುವ ಮೊದಲು ಎಲ್ಲರ ಕಾಲಿಗೆ ಎಣ್ಣೆ ಹಚ್ಚಿಸಿ, ಕಾಲುಚೀಲದೊಳಗೆ ಚೂಡಿದಾರದ ಪ್ಯಾಂಟು ಸೇರಿಸಿ, ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿದರು. ಹೊಸನಗರದ ಕಡೆ ಮಂಗನ ಕಾಯಿಲೆಯ ಮಾತು ಆಗಲೇ ಕೇಳಿಬರುತ್ತಿತ್ತು. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿನ ಉಣುಗು ನೆಲಕ್ಕೆ ಇಳಿಯುತ್ತದೆ, ಅದು ಕಚ್ಚಿದರೆ ಮನುಷ್ಯರಿಗೆ ಆ ಜ್ವರ ಬರುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದರು. ಈ ಊರಿಗೆ ಇನ್ನೂ ಬಂದಿರಲಿಲ್ಲ.

ಪಟ್ಟಿ ತುಂಬುವುದಕ್ಕೆ ಅವರದೊಂದು ನಿಯಮವಿತ್ತು. "ನೋಡಿ ಸಿಗದಿದ್ರೆ ಸೊನ್ನೆ ಹಾಕಿ. ನೋಡೋಕೆ ಆಗದಿದ್ರೆ ಗೀಟು ಎಳೀರಿ. ಗೀಟು ಎಳೆದವರಿಗೆ ನಾನು ಮಾರ್ಕ್ಸ್ ಕಳೆಯಲ್ಲ. ಇನ್ನೊಂದಿನ ಬಂದು ನೋಡಿದ್ರಾಯ್ತು."

ನನ್ನ ಜೋಡಿ ಸುಜಾತ. ನಮಗೆ ಬಂದದ್ದು ತುದಿಯ ಎರಡು ಚೌಕ. ಹದಿನೈದನೆಯದನ್ನು ಮುಗಿಸುವಷ್ಟರಲ್ಲಿ ಬಿಸಿಲು ಏರಿತ್ತು. ಹದಿನಾರನೆಯದಕ್ಕೆ ಇನ್ನೂ ಅರ್ಧ ಫರ್ಲಾಂಗು ಹತ್ತಬೇಕು. ಹತ್ತುತ್ತಿದ್ದ ಹಾಗೆ ವಾಸನೆ ಬಂತು. ಏನೋ ಸತ್ತು ಕೊಳೆತ ವಾಸನೆ. ಸುಜಾತ ದುಪಟ್ಟಾದಿಂದ ಮೂಗು ಮುಚ್ಚಿ ನಿಂತಳು.

"ಎಂತದೇ ಅದು? ನಂಗೆ ವಾಂತಿ ಬತ್ತದೆ ನೋಡು."

"ದನವೋ ಏನೋ."

"ನಾನಂತೂ ಬರಲ್ಲ ಮಾರಾಯ್ತಿ. ನೀ ಬೇಕಾದ್ರೆ ಹೋಗು."

ನಾನೂ ಹೋಗಲಿಲ್ಲ. ಇಬ್ಬರೂ ಕೆಳಗಿಳಿದು ಒಂದು ಬಂಡೆಯ ಮೇಲೆ ಕುಳಿತೆವು. ಗೀಟು ಎಳೆದರೆ ಇನ್ನೊಂದು ಭಾನುವಾರ ಬರಬೇಕು. ಆ ಭಾನುವಾರ ಸುಜಾತಳ ಅಕ್ಕನಿಗೆ ಗಂಡಿನ ಕಡೆಯವರು ಬರುವುದಿತ್ತು. "ಹದಿನೈದರಲ್ಲಿ ಇರೋದನ್ನೇ ಅಷ್ಟಿಷ್ಟು ಹೆಚ್ಚುಕಮ್ಮಿ ಮಾಡಿ ಹಾಕು. ನಿನ್ನ ಅಕ್ಷರಕ್ಕೆ ಯಾರು ಕೇಳ್ತಾರೆ?" ಎಂದಳು. ಇರುವೆ ಬರೆದೆ, ಜೇಡ ಬರೆದೆ, ಚೋರಟೆ ಎರಡು ಎಂದು ಬರೆದೆ. ಹದಿನೈದರಲ್ಲಿ ಉಣುಗು ಸಿಕ್ಕಿರಲಿಲ್ಲ. ಹದಿನಾರರ ಉಣುಗಿನ ಮನೆಯಲ್ಲೂ ದುಂಡಗೆ ಸೊನ್ನೆ ಬರೆದೆ.

ಕೆಳಗೆ ಬಂದಾಗ ಮೇಡಂ ಎಲ್ಲರ ಪಟ್ಟಿ ತೆಗೆದುಕೊಂಡು ಓದುತ್ತಿದ್ದರು. ಬೆಟ್ಟದ ಬುಡದ ಮನೆಯ ಗಿರಿಜಕ್ಕ ಅಲ್ಲೇ ನಿಂತಿದ್ದಳು. ದಿನವಿಡೀ ನಮ್ಮನ್ನು ಗೇಲಿ ಮಾಡಿದ ಹೆಂಗಸು. ಬೆಳಿಗ್ಗೆ ಮೇಡಂ ಬಸ್ಸಿಳಿದು ನಡೆದು ಬರುವುದನ್ನು ನೋಡಿ, "ಎಂತದಮ್ಮಾ ಇದು, ಸೀರೆ ಕೆಳಗೆ ಬೂಟು! ಮದುಮಗಳನ್ನ ಮಿಲ್ಟ್ರಿಗೆ ಸೇರ್ಸಿದಂಗೆ ಅದೆ" ಎಂದಿದ್ದಳು. ಮೇಡಂ, "ನಿಮಗೂ ಒಂದು ಜೊತೆ ತರ್ತೀನಿ, ಇಬ್ಬರೂ ಸೇರಿಬಿಡೋಣ" ಎಂದು ನಕ್ಕಿದ್ದರು.

ಈಗ ಗಿರಿಜಕ್ಕ ನಗುತ್ತಿರಲಿಲ್ಲ.

"ಮೇಡಮ್ಮಾ, ಉಣುಗು ಅದೆಯಾ ನಮ್ ಬೆಟ್ಟದಲ್ಲಿ?"

"ಅದೆ. ಕೆಳಗಿನ ಚೌಕಗಳಲ್ಲಿ ಸಿಕ್ಕಿದಾವೆ. ಕಾಯಿಲೆ ಇರೋದಾ ಇಲ್ದೆ ಇರೋದಾ ನಂಗೆ ಗೊತ್ತಿಲ್ಲ. ಈ ಎರಡು ತಿಂಗಳು ದರಗಿಗೆ ಹೋಗದೇ ಇರೋದು ಒಳ್ಳೇದು ಗಿರಿಜಕ್ಕ."

"ಕೊಟ್ಟಿಗೆಗೆ ಎಂತ ಹಾಸೋದು ಮತ್ತೆ? ನಿಮ್ ಸೀರೆನಾ? ಅದನ್ನೂ ಚೂರು ಮಾಡಿ ಈ ಹುಡ್ಗೀರಿಗೆ ಕೊಟ್ಟಿದೀರಿ."

ಎಲ್ಲರೂ ನಕ್ಕರು. ಮೇಡಂ ಕೂಡ. ಗಿರಿಜಕ್ಕ ಬಿಡಲಿಲ್ಲ.

"ಸುತ್ತಿ ಬಳಸಿ ಹೇಳ್ಬೇಡಿ. ನಾನು ಓದಿದವಳಲ್ಲ. ಹೋಗೋದಂತೂ ಹೋಗ್ತೀನಿ. ಎಲ್ಲಿ ಗುಡಿಸ್ಲಿ, ಅಷ್ಟು ಹೇಳಿ."

ಅವರು ಪಟ್ಟಿಗಳನ್ನು ಮತ್ತೊಮ್ಮೆ ತಿರುವಿದರು. ನನ್ನ ಹಾಳೆಯ ಮೇಲೆ ಅವರ ಬೆರಳು ನಿಂತಿತು. ನಾನು ಎರಡು ಮಾರು ದೂರದಲ್ಲಿದ್ದೆ. ಅವರ ಉಗುರಿನ ಕೆಳಗೆ ಸಿಕ್ಕಿದ್ದ ಮಣ್ಣು ಕೂಡ ಕಾಣುತ್ತಿತ್ತು.

"ಹೋಗಲೇಬೇಕು ಅಂತಿದ್ರೆ ಕೆಳಗೆ ಬೇಡ. ಮೇಲೆ ತುದಿಗೆ ಹೋಗಿ. ಅಲ್ಲಿ ನಮ್ಮ ಹುಡುಗಿಯರಿಗೆ ಒಂದೂ ಸಿಗಲಿಲ್ಲ."

ಎಲ್ಲಿ, ಯಾವಾಗ, ಎಷ್ಟೊತ್ತು ಎಂದು ಕೇಳದೆ ಅವರು ಕೊಟ್ಟ ನೇರ ಉತ್ತರ ನಾನು ಕೇಳಿದ್ದು ಅದೊಂದೇ. ಸುಜಾತ ನನ್ನ ಮೊಣಕೈ ಚಿವುಟಿದಳು. "ಮೇಡಂ, ಅಲ್ಲಿ ವಾಸನೆ ಬರ್ತಿತ್ತು" ಎಂಬ ನಾಲ್ಕು ಮಾತು ನನ್ನ ಬಾಯಿಯ ತನಕ ಬಂದಿತ್ತು. ಹೇಳಿದರೆ ಎರಡನೆಯ ಪ್ರಶ್ನೆಯೇ 'ಹಾಗಾದ್ರೆ ಎಣಿಸಿದ್ದು ಹೇಗೆ' ಎಂದಾಗುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಯಾರೋ ಕೂಗಿದರು. ಗೂಟ ಕಟ್ಟಿಕೊಂಡು ಹೊರಟೆವು.

ಮೂರು ವಾರ ಕಳೆದಿರಬೇಕು. ಗಿರಿಜಕ್ಕನಿಗೆ ಜ್ವರ ಎಂದು ಸುದ್ದಿ ಬಂತು. ತಲೆ ಎತ್ತಲಾಗದ ನೋವು, ಮೈಕೈ ಮುರಿತ, ಆಮೇಲೆ ವಸಡಿನಲ್ಲಿ ರಕ್ತ. ಆಗುಂಬೆ ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅವಳು ಅದೇ ಘಾಟಿಯನ್ನು ಮತ್ತೆ ಹತ್ತಿದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಸುತ್ತಿಕೊಂಡು. ಆರೋಗ್ಯ ಇಲಾಖೆಯವರು ಬೆಟ್ಟ ಹತ್ತಿ ಹುಡುಕಿದಾಗ ತುದಿಯ ಹತ್ತಿರ, ಗಿರಿಜಕ್ಕ ದರಗು ಗುಡಿಸಿದ್ದ ಜಾಗದಿಂದ ಹತ್ತು ಹೆಜ್ಜೆಯಲ್ಲಿ, ಒಣಗಿ ಚಕ್ಕಳವಾಗಿದ್ದ ಒಂದು ಮಂಗ ಸಿಕ್ಕಿತು.

ಮೇಡಂ ನಮ್ಮಿಬ್ಬರನ್ನು ಲ್ಯಾಬಿಗೆ ಕರೆದರು. ಮೇಜಿನ ಮೇಲೆ ನನ್ನ ಪಟ್ಟಿ ಇತ್ತು. ಬಾಗಿಲು ಹಾಕಿರಲಿಲ್ಲ, ದನಿ ಎತ್ತರಿಸಲಿಲ್ಲ.

"ಹದಿನಾರು ನಿಮ್ದಲ್ವಾ? ನೀವು ಅಲ್ಲಿಗೆ ಹೋಗಿದ್ರಲ್ವಾ?"

ಸುಜಾತ ನೆಲ ನೋಡುತ್ತಿದ್ದಳು. ನಾನು, "ಹೋಗಿದ್ವಿ ಮೇಡಂ" ಎಂದೆ.

"ಎಷ್ಟೊತ್ತು ನೋಡಿದ್ರಿ?"

"ಇಪ್ಪತ್ತು ನಿಮಿಷ."

"ವಾಸನೆ ಏನಾದ್ರೂ ಬಂದಿತ್ತಾ?"

"ಇಲ್ಲ ಮೇಡಂ."

ಅವರು ನನ್ನ ಮುಖವನ್ನೇ ನೋಡಿದರು. ಅನುಮಾನದಿಂದಲ್ಲ. ಹಾಗೆ ನೋಡಿದ್ದರೆ ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಆಮೇಲೆ ಪಟ್ಟಿಯನ್ನು ಮಡಚಿದರು.

"ಹಾಗಾದ್ರೆ ಮಂಗ ಆಮೇಲೆ ಸತ್ತಿರಬೇಕು. ನಿಮ್ಮ ಸೊನ್ನೆ ಸರಿಯಾಗೇ ಇದೆ. ತಪ್ಪು ನಂದು. ಒಂದು ದಿನದ ಸೊನ್ನೆ ಹಿಡ್ಕೊಂಡು ನಾನು ಅವಳಿಗೆ ದಾರಿ ತೋರಿಸ್ಬಿಟ್ಟೆ. ಹೋಗಿ, ಕ್ಲಾಸಿಗೆ ಹೊತ್ತಾಯ್ತು."

ಆ ಊರಿಗೆ ಅವರೇ ಹೋದರಂತೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ಸೇರಿದ್ದ ಜನರ ಮುಂದೆ, "ತುದಿಗೆ ಹೋಗಿ ಅಂತ ಹೇಳಿದ್ದು ನಾನು" ಎಂದರಂತೆ. ಗಿರಿಜಕ್ಕನ ಗಂಡ ಹೊಡೆಯಲು ಬಂದನಂತೆ, ಬೇರೆಯವರು ಹಿಡಿದರಂತೆ. ಮೇಡಂ ಹಿಂದೆ ಸರಿಯಲಿಲ್ಲವಂತೆ. ಇದೆಲ್ಲ ಕಾಲೇಜಿಗೆ ಬಂದು ಮುಟ್ಟಲು ಎರಡು ದಿನ ಸಾಕಾಯಿತು. ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದು ನಿಂತಿತು. ಮುಂದಿನ ವರ್ಷ ಅವರು ಅರ್ಜಿ ಹಾಕಲಿಲ್ಲ. ಕೇಳಿದವರಿಗೆ, "ನೋಡೋದು ಹೇಗೆ ಅಂತ ಕಲಿಸೋಕೆ ನಂಗೆ ಬರಲ್ಲ ಅಂತ ಗೊತ್ತಾಯ್ತು" ಎಂದರಂತೆ.

ಆಮೇಲೆ ಅವರು ರಿಪ್ಪನ್‌ಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ, ದರಗು ಗುಡಿಸಲು ಜನ ಹೊರಡುವ ಮುಂಚೆ, ಆ ಊರಿಗೆ ಹೋಗುತ್ತಿದ್ದರು. ಉಣುಗಿಗೆ ಹಚ್ಚುವ ಎಣ್ಣೆಯ ಬಾಟಲಿಗಳನ್ನು ಮನೆ ಮನೆಗೆ ಕೊಟ್ಟು, ಮಂಗ ಸತ್ತದ್ದು ಕಂಡರೆ ಮುಟ್ಟದೆ ಆಸ್ಪತ್ರೆಗೆ ಹೇಳಿ ಕಳಿಸಿ ಎಂದು ಹೇಳಿ ಬರುತ್ತಿದ್ದರು. ಯಾರೂ ಅವರನ್ನು ಕಳಿಸಿದ್ದಲ್ಲ.

ನಾನು ಮದುವೆಯಾಗಿ ಸಾಗರಕ್ಕೆ ಬಂದೆ. ಮಕ್ಕಳಾದವು. ಎಷ್ಟೋ ದಿನ ಅದು ನೆನಪಿಗೇ ಬರುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುವುದಿಲ್ಲ. ಮಗಳ ಲೆಕ್ಕದ ಪುಸ್ತಕದಲ್ಲಿ ಸೊನ್ನೆ ತಿದ್ದಿಸುವಾಗ ಮಾತ್ರ ಕೈ ನಿಲ್ಲುತ್ತಿತ್ತು.

ಎರಡು ವರ್ಷದ ಹಿಂದೆ ಅವರಿಗೆ ಹುಷಾರಿಲ್ಲವೆಂದು ಕೇಳಿ ರಿಪ್ಪನ್‌ಪೇಟೆಗೆ ಹೋದೆ. ಗಂಡ ಕಾರಿನಲ್ಲೇ ಕುಳಿತರು. ಮೇಡಂ ಕಾಲು ಊದಿಕೊಂಡು, ಬೆರಳುಗಳು ಒಂದಕ್ಕೊಂದು ಅಂಟಿದಂತಿದ್ದವು. ನನ್ನನ್ನು ಗುರುತಿಸಿ, "ಅಕ್ಷರ ಹಾಗೇ ಇದೆಯಾ?" ಎಂದು ಕೇಳಿದರು. ಅಲ್ಲಿಂದ ಮುಂದೆ ನನಗೆ ತಡೆಯಲಾಗಲಿಲ್ಲ. ಬಂಡೆಯ ಮೇಲೆ ಕುಳಿತದ್ದು, ವಾಸನೆ, ಸೊನ್ನೆ, ಲ್ಯಾಬಿನಲ್ಲಿ ಹೇಳಿದ ಇಪ್ಪತ್ತು ನಿಮಿಷ, ಎಲ್ಲ ಹೇಳಿದೆ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ತಲೆದಿಂಬಿನ ಬದಿಯಿಂದ ಕನ್ನಡಕ ತೆಗೆದು ಹಾಕಿಕೊಂಡರು.

"ವಾಸನೆ ಎಲ್ಲಿ ಶುರುವಾಯ್ತು?"

"ಹದಿನೈದು ದಾಟಿ ಸ್ವಲ್ಪ ಮೇಲೆ."

"ಗಾಳಿ ಮೇಲಿಂದ ಬೀಸ್ತಿತ್ತಾ, ಕೆಳಗಿಂದ್ಲಾ?"

"ನೆನಪಿಲ್ಲ ಮೇಡಂ."

"ನೆನಪಿಲ್ಲ ಅಂದ್ರೆ ನೆನಪಿಲ್ಲ ಅನ್ನು. ಸರಿ." ಕನ್ನಡಕ ತೆಗೆದು ಮಡಚಿದರು. ಆಮೇಲೆ ಅವರ ದನಿ ಬದಲಾಯಿತು. "ನಾನು ಪಾಠ ಬಿಟ್ಟೆ ಕಣೇ. ನನ್ನ ಕಣ್ಣು, ನನ್ನ ಬುದ್ಧಿ, ಯಾವುದನ್ನೂ ನಂಬದೆ ಇಷ್ಟು ವರ್ಷ ಕಳೆದೆ. ನೀನು ಒಂದು ಗೀಟು ಎಳೆದಿದ್ರೆ ಆಗ್ತಿತ್ತು."

ನಾನು ಕ್ಷಮಿಸಿ ಎಂದೆ.

"ಸುಜಾತ ಏನಂತಾಳೆ?"

"ಫೋನ್ ಮಾಡಿದ್ದೆ. ಅದೆಲ್ಲ ಈಗ ಯಾಕೆ ಮಾರಾಯ್ತಿ ಅಂದಳು."

"ನಂಗೆ ಹೇಳಿದ್ರೆ ಮುಗೀತಾ? ಸತ್ತಿದ್ದು ನಾನಲ್ಲ. ಗಿರಿಜಕ್ಕನ ಮಗಳಿದಾಳೆ. ಅಲ್ಲಿ ಹೋಗಿ ಹೇಳು."

"ನೀವೇ ಹೇಳಿ ಮೇಡಂ. ನಂಗೆ ಧೈರ್ಯ ಇಲ್ಲ."

"ನಾನು ಕಣ್ಣಾರೆ ನೋಡದೇ ಇದ್ದದ್ದನ್ನ ನಾನು ಹೇಳಲ್ಲ. ಒಂದ್ಸಲ ಹೇಳಿ ಆಗಿದೆ."

ಕಾರಿನಲ್ಲಿ ವಾಪಸು ಬರುವಾಗ ನಾನು ಬರುವ ವಾರವೇ ಹೋಗಬೇಕೆಂದುಕೊಂಡೆ. ಆ ವಾರ ಮಗನಿಗೆ ಪರೀಕ್ಷೆ. ಆಮೇಲೆ ಅತ್ತೆಯ ಕಣ್ಣಿನ ಆಪರೇಷನ್ನು. ಆಮೇಲೆ ಮಳೆ. ನೆಪಗಳು ಒಂದರ ಹಿಂದೆ ಒಂದು ಬಂದು ಎರಡು ವರ್ಷ ಕಳೆದವು. ಮೇಡಂ ಸತ್ತ ಸುದ್ದಿ ಕಾಲೇಜಿನ ಗೆಳತಿಯೊಬ್ಬಳು ಫೋನಿನಲ್ಲಿ ಹೇಳಿದಳು. ಹೇಳಿದ ಮೇಲೆ, "ಪಾಪ, ಒಂದು ಜೀವ ಹೋಗೋಕೆ ಕಾರಣ ಆದ್ರಲ್ಲ, ಆ ಕೊರಗೇ ಅವರನ್ನ ತಿಂತು" ಎಂದಳು. ಮರುದಿನ ನಾನು ಒಬ್ಬಳೇ ಬಸ್ಸು ಹತ್ತಿದೆ.

ಗಿರಿಜಕ್ಕನ ಮಗಳ ಹೆಸರು ಚೈತ್ರ. ತಾಯಿ ಸತ್ತಾಗ ನಾಲ್ಕನೆಯ ಕ್ಲಾಸು. ಈಗ ಅದೇ ಮನೆಯ ಜಗುಲಿಯಲ್ಲಿ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಅಪ್ಪ ತೀರಿಕೊಂಡು ಕೆಲವು ವರ್ಷವಾಗಿದೆಯಂತೆ. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಎದ್ದು, ಯಾರು ಏನು ಎಂದು ಕೇಳುವ ಮುಂಚೆಯೇ ಕುರ್ಚಿ ಎಳೆದು ಹಾಕಿ, ಒಳಗಿನಿಂದ ನೀರು ತಂದುಕೊಟ್ಟಳು. "ಬಿಸಿಲಲ್ಲಿ ಬಂದಿದೀರಿ. ಕೂತ್ಕೊಳ್ಳಿ ಅಕ್ಕಾ" ಎಂದಳು.

ನಾನು ಕುಳಿತು ಹೇಳಿದೆ. ಮೇಡಂಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದೆ. ಅವರು ಹೋದ ವಾರ ತೀರಿಕೊಂಡರೆಂದೂ ಹೇಳಿದೆ. ಅವಳ ಕೈಯಲ್ಲಿ ಹೊಲಿಯುತ್ತಿದ್ದ ರವಿಕೆಯ ತೋಳಿನ ತುಂಡು ಇತ್ತು. ಅದರ ಅಂಚನ್ನು ಹೆಬ್ಬೆರಳಿನಿಂದ ಮಡಚುತ್ತಾ, ಬಿಡಿಸುತ್ತಾ ಕೇಳಿದಳು.

"ಇದು ಮೇಡಮ್ಮಂಗೆ ಗೊತ್ತಿತ್ತಾ?"

"ಎರಡು ವರ್ಷದ ಹಿಂದೆ ಹೇಳಿದೆ."

"ಹೋದ ವರ್ಷ ಬಂದಿದ್ರಲ್ಲ. ನಡೆಯೋಕಾಗ್ತಿರ್ಲಿಲ್ಲ, ಆಟೋ ಮಾಡ್ಕೊಂಡು ಬಂದಿದ್ರು. ಎಣ್ಣೆ ಬಾಟ್ಲಿ ಆ ಕಟ್ಟೆ ಮೇಲೆ ಇಟ್ರು. ಇದೊಂದು ಮಾತು ಹೇಳ್ಲಿಲ್ಲ."

"ಅವರು ಹೇಳಲ್ಲ ಅಂದಿದ್ರು. ನೀನೇ ಹೋಗಿ ಹೇಳು ಅಂದಿದ್ರು."

ಅವಳು ಕೈಯಲ್ಲಿದ್ದ ತುಂಡನ್ನು ಮಿಷನ್ನಿನ ಮೇಲೆ ಇಟ್ಟಳು. ಆಮೇಲೆ ನನಗಲ್ಲ, ಅಂಗಳಕ್ಕೆ ಹೇಳುವವಳ ಹಾಗೆ ಹೇಳಿದಳು.

"ಪ್ರತಿ ವರ್ಷ ಬತ್ತಿದ್ರು. ಅಪ್ಪ ಬಾಗ್ಲು ಹಾಕ್ತಿದ್ದ. ಅಪ್ಪ ಹೋದ್ಮೇಲೆ ನಾನು ಹಾಕ್ತಿದ್ದೆ. ಅವ್ರು ಅಲ್ಲೇ ಬಿಸಿಲಲ್ಲಿ ನಿಂತು, ಒಳಗಿರೋರಿಗೆ ಕೇಳ್ಲಿ ಅಂತ ಗಟ್ಟಿಯಾಗಿ ಹೇಳಿ ಹೋಗ್ತಿದ್ರು. ಮೇಲೆ ಹೋಗ್ಬೇಡಿ, ಕಾಲಿಗೆ ಎಣ್ಣೆ ಹಚ್ಕೊಳ್ಳಿ ಅಂತ. ಕೂತ್ಕೊಳ್ಳಿ ಅಂತ ಒಂದಿನ ಅಂದಿಲ್ಲ ನಾವು. ಒಂದು ಲೋಟ ನೀರು ಕೊಟ್ಟಿಲ್ಲ."

ಅವಳು ನನ್ನ ಕಡೆ ತಿರುಗಿದಳು. ಲೋಟ ನನ್ನ ಕೈಯಲ್ಲಿತ್ತು. ಅರ್ಧ ಕುಡಿದಿದ್ದೆ. ಅದನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.